ಕ್ಲಬ್ ಬಿಟ್ಟುಹೋದ ಊರಿನವರು

ಮೊನ್ನೆ ಇಲ್ಲಿ ಗಲ್ಫಿನ ಖುರುಮ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಹಳದಿ ಪೊಟ್ಟಣದ ಕೊರಿಯನ್ ಕಾಫಿ ಕಂಡಿತು. ಹಾಲುಪುಡಿ, ಸಕ್ಕರೆ ಎಲ್ಲ ಸೇರಿಸಿಯೇ ಬರುವ ಕಾಫಿ. ಅದನ್ನು ಬಿಸಿನೀರಿಗೆ ಸುರಿದು, ಖಾಲಿ ಪೊಟ್ಟಣವನ್ನೇ ಚಮಚ ಮಾಡಿಕೊಂಡು ಕಲಕುತ್ತಿದ್ದವರೊಬ್ಬರು ನೆನಪಾದರು…

ಘಾಲಾ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿನಲ್ಲಿ ಅವರು ಕೊರಿಯಾದಿಂದ ಬಂದ ಎಂಜಿನಿಯರ್, ನಾನು ಸ್ಟೋರಿನವ. ಮಾತು ಕಡಿಮೆ. ಆಡಿದರೆ ಪಂಪಿನ ವಿಷಯ, ಇಲ್ಲವೇ ಅವರ ಊರಿನ ಫುಟ್‌ಬಾಲ್ ಕ್ಲಬ್ಬಿನ ವಿಷಯ. ದೊಡ್ಡ ಕಂಪನಿಯೊಂದು ನಡೆಸುತ್ತಿದ್ದ ಕ್ಲಬ್ ಅದು. ಅವರ ಊರಿನಲ್ಲಿ ಬೇರು ಬಿಟ್ಟು, ಚಾಂಪಿಯನ್ನೂ ಆಗಿತ್ತಂತೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮ್ಯಾಚಿಗೆ ಹೋಗುತ್ತಿದ್ದರಂತೆ. ಮುಂದಿನ ಕಥೆ ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಅರವತ್ತು ತುಂಬಿದರೆ ನಮ್ಮಲ್ಲಿ ಶಾಂತಿ ಮಾಡಿಸುವಂತೆ ಅವರಲ್ಲೂ ದೊಡ್ಡ ಸಂಭ್ರಮವಂತೆ. ಎಂಜಿನಿಯರಿಗೆ ಅರವತ್ತು ತುಂಬುವ ದಿನಕ್ಕೆಂದು ಪರ್ಚೇಸ್ ವಿಭಾಗದ ನಮ್ಮ ಉಡುಪಿಯವರೊಬ್ಬರು ಕಂಪನಿಯ ಹೆಸರು ಹಿಡಿದು ಹುಡುಕಿ ಆ ಕ್ಲಬ್ಬಿನ ಹೊಸ ಜರ್ಸಿ ತರಿಸಿದರು. ಎಂಜಿನಿಯರ್ ಎರಡೂ ಕೈಯಲ್ಲಿ ಅದನ್ನು ಪಡೆದು, ತಲೆಬಾಗಿ ವಂದಿಸಿ, ಮೇಜಿನ ಡ್ರಾಯರಿನೊಳಗೆ ಇಟ್ಟುಬಿಟ್ಟರು.

"ಸೈಜ್ ಸರಿ ಇಲ್ವಾ ಎಂತದಾ? ಮುಖ ನೋಡಿ ಮಾರಾಯ್ರೆ" ಎಂದು ಉಡುಪಿಯವರು ನನ್ನ ಕಿವಿಯಲ್ಲಿ ಉಸುರಿದರು.

ಮರುದಿನ ಕಾಫಿ ಹೊತ್ತಿನಲ್ಲಿ ಅವರೇ ಬಾಯಿಬಿಟ್ಟರು. ಒಂದು ಚಳಿಗಾಲದಲ್ಲಿ ಮಾಲೀಕರು ಕ್ಲಬ್ಬನ್ನು ರಾಜಧಾನಿಗೆ ಸಾಗಿಸಿ ಹೆಸರನ್ನೂ ಬದಲಿಸಿದ್ದರು. ಊರಿಗೆ ವಿಷಯ ಗೊತ್ತಾದದ್ದು ವಾರ್ತೆಯಲ್ಲಿ. ನಾವು ಉಡುಗೊರೆ ಕೊಟ್ಟದ್ದು ಉಂಡ ಮನೆಗೆ ಎರಡು ಬಗೆದವರ ಅಂಗಿ! ಊರಿನ ಜನ ಸುಮ್ಮನೆ ಕೂರದೆ, ವರ್ಷಗಟ್ಟಲೆ ಓಡಾಡಿ, ನಗರಸಭೆಯ ಬೆನ್ನುಬಿದ್ದು ತಮ್ಮದೇ ಕ್ಲಬ್ ಕಟ್ಟಿದ್ದರು. ಅದಿನ್ನೂ ಲೀಗಿನ ಎರಡನೇ ದರ್ಜೆಯಲ್ಲಿತ್ತು. ಅದು ಮೇಲೇರಬೇಕು, ಬಿಟ್ಟುಹೋದವರು ಒಂದು ದಿನ ತಮ್ಮ ಊರಿಗೆ ಅತಿಥಿಗಳಾಗಿ ಬಂದು ಆಡಬೇಕು, ತಾನು ಕೂತು ನೋಡಬೇಕು. ಇಷ್ಟೇ ಅವರ ಆಸೆ.

ಉಡುಪಿಯವರಿಗೆ ಅದು ಹಿಡಿಸಲಿಲ್ಲ. "ಊರು ಬಿಟ್ರೆ ಎಂತಾಯ್ತು? ನಾವೂ ಬಿಟ್ಟು ಬರ್ಲಿಲ್ವಾ?" ಎಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ.

ಎಂಜಿನಿಯರ್ ಪೊಟ್ಟಣದಿಂದ ಕಾಫಿ ಕಲಕುತ್ತಾ, "ನೀವು ಪ್ರತಿ ಶುಕ್ರವಾರ ರಜೆಯಲ್ಲಿ ಮನೆಗೆ ಫೋನ್ ಮಾಡುತ್ತೀರಿ" ಎಂದರು.

ಕಾಂಟ್ರಾಕ್ಟ್ ಮುಗಿದು ಅವರು ಊರಿಗೆ ಹೋದರು. ಕೆಲಕಾಲ ಹೊಸ ಕ್ಲಬ್ಬಿನ ಸೋಲು ಗೆಲುವಿನ ಸುದ್ದಿ ಫೋನಿಗೆ ಬರುತ್ತಿತ್ತು. ಆಮೇಲೆ ಒಂದು ದಿನ ಅವರ ಮಗಳ ಸಂದೇಶ ಬಂತು… ಅಪ್ಪ ತೀರಿಕೊಂಡರು ಎಂದು. ಕಾಯಿಲೆಯಿದೆ ಎಂದು ಅವರು ನಮಗೆ ತಿಳಿಸಿರಲೇ ಇಲ್ಲ.

ಹೊಸ ಕ್ಲಬ್ ಮೇಲಿನ ದರ್ಜೆಗೆ ಏರಿದ್ದು ಅದಾದ ಮೇಲೆ. ಬಿಟ್ಟುಹೋದವರು ಆ ಊರಿಗೆ ಆಡಲು ಬಂದ ದಿನ ನಮಗಿಲ್ಲಿ ಊಟದ ಬಿಡುವು. ಸ್ಟೋರಿನ ಮೇಜಿನ ಮೇಲೆ ಫೋನ್ ನಿಲ್ಲಿಸಿಕೊಂಡು ನಾನೂ ಉಡುಪಿಯವರೂ ನೋಡಿದೆವು. ಫುಟ್‌ಬಾಲ್ ನಮಗೆ ಅಷ್ಟಕ್ಕಷ್ಟೇ. ಕೊನೆಗೆ ಊರಿನವರೇ ಗೆದ್ದರು, ಜನ ಕುಣಿದರು.

ಉಡುಪಿಯವರು ಊಟದ ಡಬ್ಬಿ ಮುಚ್ಚುತ್ತಾ ಹೇಳಿದರು: "ನೋಡ್ಬೇಕಾದವ್ರು ಹೋದ್ರು. ನಾವು ನೋಡಿ ಎಂತ ಮಾಡುದು ಮಾರಾಯ್ರೆ?"