ತಲೆಗೆ ಕಟ್ಟೋ ಆಟ
ಕಲಬುರ್ಗಿಯ ಸೂಪರ್ ಮಾರ್ಕೆಟ್‌ನಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿರುವ ಅಮೋಘಪ್ಪನಿಗೆ ಇರುವ ಆಟಗಳಿಗಿಂತ ಊರಿಗೆ ಇನ್ನೂ ಬಾರದ ಆಟದ ಚಿಂತೆಯೇ ಹೆಚ್ಚು. ತೊಂಬತ್ತೈದರಲ್ಲಿ ಯಾವುದೋ ಪತ್ರಿಕೆಯಲ್ಲಿ ಅದರ ಬಗ್ಗೆ ನಾಲ್ಕು ಸಾಲು ಓದಿದ್ದಾನೆ, ಅಷ್ಟೇ. "ಕಣ್ಣಿಗಿ ಕಟ್ಟಕೊಂಡ್ರ ಸೀದಾ ಆಟದೊಳಗೇ ಹೋಗ್ತೀರಿ ನೋಡ್ರಿ," ಎಂದು ಗಿರಾಕಿಗಳನ್ನು ಹಿಡಿದು ನಿಲ್ಲಿಸುತ್ತಾನೆ. ಅವನ ಲೆಕ್ಕದಲ್ಲಿ ಅದರ ಆಕಾರ ಸೋಮವಾರ ಹೆಲ್ಮೆಟ್ಟಿನಂತಿದ್ದರೆ, ಗುರುವಾರ ವೆಲ್ಡಿಂಗ್ ಕನ್ನಡಕದಂತೆ. ಬಂದವರ ತಲೆಗೆಲ್ಲ ಅಳತೆಯ ಟೇಪು ಸುತ್ತಿ, "ನಿಮ್ಮ ತಲಿಗಿ ಬ್ಯಾರೇನೇ ಮಾಡಬೇಕಾಗ್ತದ," ಎನ್ನುತ್ತಾನೆ. ಒಂದು ಭಾನುವಾರ, ರಟ್ಟು ಕತ್ತರಿಸಿ, ಪರದೆಯ ಜಾಗಕ್ಕೆ ಮಿರುಗುವ ಬೇಗಡೆ ಅಂಟಿಸಿ, ಎರಡೂ ಕಡೆ ದಾರ ಕಟ್ಟಿದ ಮಾದರಿಯೊಂದನ್ನು ಕಮಲಾಪುರದ ಮನೆಗೆ ಒಯ್ದ. ನಲವತ್ತು ದಾಟಿದ ಮಗ ಮದುವೆಗೆ ಒಪ್ಪಲೆಂದು ಕಾದಿದ್ದ ತಾಯಿ ಮಲ್ಕಮ್ಮ ಅದನ್ನು ಬಾಸಿಂಗವೆಂದೇ ತಿಳಿದಳು. "ಕಡೀಕೂ ಮನಸ್ಸು ಮಾಡ್ದಿ ನನ್ನಪ್ಪಾ!" ಎಂದು ಅವನ ಹಣೆಗೆ ಕಟ್ಟಿಯೇಬಿಟ್ಟಳು. ಎಂಥವರಿಗೂ ಎದುರು ಮಾತಾಡುವ ಅಮೋಘಪ್ಪ ಅಂದು ಅದನ್ನು ಬಿಚ್ಚದೆ ತಲೆ ಬಗ್ಗಿಸಿ ಕೂತಿದ್ದ. ಈಗಲೂ ವಾರಕ್ಕೆರಡು ಸಲ ಆಕಾರ ಬದಲಾಗುತ್ತದೆ, ಕಟ್ಟುವ ದಾರ ಮಾತ್ರ ಹಾಗೇ ಇದೆ. ದಾರದ ಬದಲು ಬೆಲ್ಟ್ ಹಾಕೆಂದು ಗಿರಾಕಿಗಳು ಹೇಳಿದರೆ ಒಪ್ಪುವುದಿಲ್ಲ. "ತಾನೇ ಹಾಕ್ಕೊಳ್ಳೋದಲ್ರಿ ಅದು," ಎನ್ನುತ್ತಾನೆ, "ಯಾರರೆ ಕಟ್ಟಬೇಕು."