ಮೂರು ಬೆರಳು ಹೆಚ್ಚಾದ ಮಂಚ

ಕಾಗದದ ಮೇಲೆ ಮನೆ ಸಾಮಾನು ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರು ಗಂಗಾವತಿಯಲ್ಲಿ ಇರಲಿಕ್ಕಿಲ್ಲ. ಕಾಗದದ ಮಂಚ ಕಾಲಿನ ಕಿರುಬೆರಳಿಗೆ ಬಡಿಯುವುದಿಲ್ಲ. ಕಾಗದದ ತಿಜೋರಿಯನ್ನು ಮೆಲ್ಲಗೆ ಊದಿದರೆ ಸಾಕು, ಈ ಗೋಡೆಯಿಂದ ಆ ಗೋಡೆಗೆ ತಾನೇ ಹೋಗಿ ನಿಲ್ಲುತ್ತದೆ. ಅದಕ್ಕೇ ನಮ್ಮ ಮಗಳು ಅಫ್ರೀನ್ ಮೂರನೆಯ ತರಗತಿಗೆ ಬಂದವಳೇ ತನಗೊಂದು ಸ್ವಂತ ಕೋಣೆ ಬೇಕೆಂದು ಹಟ ಹಿಡಿದಾಗ ನಾನು ಗಾಬರಿಯಾಗಲಿಲ್ಲ. ಒಂದು ಚೌಕುಳಿ ಹಾಳೆ, ಒಂದು ಕತ್ತರಿ ತೆಗೆದುಕೊಂಡು ಕುಳಿತೆ. ಸಂಜೆಯೊಳಗೆ ಕೋಣೆ ಸಿದ್ಧವಾಯಿತು. ಹಾಳೆಯ ಮೇಲೆ ಅದು ಎಷ್ಟು ವಿಶಾಲವಾಗಿತ್ತೆಂದರೆ ಒಂದು ಸೋಫಾ ಕೂಡ ಹಾಕೋಣವೇ ಎಂದು ಹೆಂಡತಿ ನಸೀಮಾಳನ್ನು ಕೇಳಿದೆ. ಅವಳು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಇಲ್ಲಿ ನಮ್ಮ ಮನೆಯ ಭಾಷೆಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ಕನಕಗಿರಿಯ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರ. ಮನೆಯಲ್ಲಿ ನಾವಾಡುವುದು ನಮ್ಮದೇ ಒಂದು ಉರ್ದು. ಊಟ, ತಿಂಡಿ, ಪ್ರೀತಿ, ಜ್ವರ ಎಲ್ಲ ಅದರಲ್ಲೇ ನಡೆಯುತ್ತದೆ. ಆದರೆ ಜಗಳ ಬಂತೆಂದರೆ ಎಲ್ಲರೂ ಕನ್ನಡಕ್ಕೆ ಇಳಿಯುತ್ತೇವೆ. ಓಣಿಯಲ್ಲಿ ಆಡಿ ಬೆಳೆದವರು ನಾವು, ಜಗಳದ ಮಾತುಗಳನ್ನೆಲ್ಲ ಅಲ್ಲೇ ಕಲಿತದ್ದು. ಆದ್ದರಿಂದ ಈ ಕೋಣೆಯ ವ್ಯವಹಾರ ಬಹುಪಾಲು ಕನ್ನಡದಲ್ಲೇ ನಡೆಯಿತೆಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

"ಅಕ್ಕಿ ಖೋಲಿ ಖಾಲಿ ಮಾಡಿದ ಮ್ಯಾಲ ನಿಮ್ಮ ಸೋಫಾದ ಮಾತು," ಎಂದಳು ನಸೀಮಾ.

ಅಕ್ಕಿ ಖೋಲಿ ಎಂದರೆ ಪಡಸಾಲೆಯ ಪಕ್ಕದ ಸಣ್ಣ ಕೋಣೆ. ನಸೀಮಾಳ ತವರಿನವರು ಕಾಲುವೆ ಕೆಳಗೆ ಭತ್ತ ಬೆಳೆಯುವವರು. ವರ್ಷಕ್ಕೊಮ್ಮೆ ಅವರ ಮನೆಯಿಂದ ಚೀಲಗಳು ಬರುತ್ತವೆ, ಈ ಕೋಣೆಯಲ್ಲಿ ಒಂದರ ಮೇಲೊಂದು ಮಲಗಿ ಹಳೆಯದಾಗುತ್ತವೆ. ನಮ್ಮೂರಿನಲ್ಲಿ ಹೊಸ ಅಕ್ಕಿಯ ಅನ್ನ ಬಡಿಸಿದರೆ ಬೀಗರು ಮುಖ ಸಣ್ಣದು ಮಾಡುತ್ತಾರೆ. ಮಕ್ಕಳು ಎಷ್ಟನೆಯ ತರಗತಿ ಎಂದು ಕೇಳುವ ಮೊದಲು ಅಕ್ಕಿ ಎಷ್ಟು ಹಳೆಯದು ಎಂದು ಕೇಳುವ ಊರು ಇದು. ಹಾಗಾಗಿ ನಮ್ಮ ಮನೆಯಲ್ಲಿ ಸ್ವಂತ ಕೋಣೆ ಇದ್ದದ್ದು ಅಕ್ಕಿಗೆ ಮಾತ್ರ. ಅಪ್ಪ, ಅವ್ವ, ಅಜ್ಜಿ, ಮಗಳು ಎಲ್ಲರೂ ಉಳಿದ ಜಾಗದಲ್ಲಿ ಹೊಂದಿಕೊಂಡಿದ್ದೆವು.

ನೋಡಿದರೆ ಮಕ್ಕಳಿಗೆ ಬೇರೆ ಕೋಣೆ ಎಂಬ ವಿಚಾರವೇ ನಮ್ಮ ಕಡೆ ಹೊಸದು. ಹೊಳೆ ದಾಟಿದರೆ ಹಂಪಿ. ಅಲ್ಲಿ ಆನೆಗಳಿಗೆ ಸಾಲಾಗಿ ಒಂದೊಂದು ಕೋಣೆ, ಮೇಲೆ ಗುಮ್ಮಟ. ರಾಣಿಯರಿಗೆ ಸ್ನಾನಕ್ಕೇ ಒಂದು ಮನೆ. ಒಮ್ಮೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಒಬ್ಬ ಹುಡುಗಿ, "ಸರ, ರಾಜಕುಮಾರನ ಖೋಲಿ ಎಲ್ಲೈತ್ರಿ?" ಎಂದು ಕೇಳಿದಳು. ಅವನು ಅಜ್ಜಿಯ ಹತ್ತಿರ ಮಲಗುತ್ತಿದ್ದ ಎಂದು ಹೇಳಿ ಪಾರಾದೆ. ಇತಿಹಾಸಕಾರರು ಒಪ್ಪಲಿಕ್ಕಿಲ್ಲ, ಆದರೆ ಬೇರೆ ಉತ್ತರ ಅವರ ಬಳಿಯೂ ಇದ್ದಂತಿಲ್ಲ. ನಮ್ಮ ಬಾಲ್ಯದಲ್ಲಿಯೂ ಅಷ್ಟೇ, ಪಡಸಾಲೆಯ ಉದ್ದಕ್ಕೂ ಹಾಸಿಗೆ ಹಾಸಿ ಸಾಲಾಗಿ ಮಲಗುತ್ತಿದ್ದೆವು. ನನ್ನ ಸ್ವಂತ ಆಸ್ತಿ ಎಂದರೆ ಒಂದು ದಿಂಬು. ಅದರಲ್ಲೂ ಅರ್ಧಕ್ಕೆ ತಮ್ಮನ ತಲೆ ಇರುತ್ತಿತ್ತು.

ಇರಲಿ. ಚೀಲಗಳನ್ನು ಪಡಸಾಲೆಗೆ ಸಾಗಿಸಿದೆವು. ಖಾಲಿಯಾದ ಕೋಣೆ ನನ್ನ ಹಾಳೆಗಿಂತ ಸಣ್ಣದಾಗಿ ಕಂಡಿತು. ಪಶ್ಚಿಮದ ಗೋಡೆಯಲ್ಲಿ ಒಳಗೆ ತೆರೆಯುವ ಬಾಗಿಲು, ಪೂರ್ವಕ್ಕೆ ಒಂದು ಕಿಟಕಿ. ಒಂದು ಮೂಲೆಯಲ್ಲಿ ನಸೀಮಾಳ ಮದುವೆಯಲ್ಲಿ ಬಂದ ತಿಜೋರಿ, ಬಟ್ಟೆಬರೆಯ ಕಬ್ಬಿಣದ ಕಪಾಟು. ಅದನ್ನು ಅಲ್ಲಿಂದ ಕದಲಿಸುವ ಮಾತನ್ನು ನಾನು ಮದುವೆಯಾದಾಗಿನಿಂದ ಎತ್ತಿಲ್ಲ. ಉಳಿದ ಜಾಗದಲ್ಲಿ ಒಂದು ಮಂಚ, ಒಂದು ಸಣ್ಣ ಮೇಜು. ಮಂಚವನ್ನು ಕಿಟಕಿಯ ಕೆಳಗೆ ಉತ್ತರ ದಕ್ಷಿಣವಾಗಿ, ದಕ್ಷಿಣಕ್ಕೆ ತಲೆ ಬರುವಂತೆ ಹಾಕುವುದೆಂದು ತೀರ್ಮಾನವಾಯಿತು. ಬಡಿಗ ಕಾಳಪ್ಪಣ್ಣ ಬಂದು ಅಳತೆ ತೆಗೆದುಕೊಂಡ. ತಲೆಯ ಕಡೆಗೆ ಪುಸ್ತಕ ಇಡುವ ಗೂಡು ಇರಲಿ ಎಂದೆ. ಅವನು ಗೋಡೆ ನೋಡಿದ, ಸೂರು ನೋಡಿದ, ಬೆರಳು ಮಡಚುತ್ತ ಏನೋ ಗುಣುಗುಣು ಎಂದ. ಕಟ್ಟಿಗೆಯ ಲೆಕ್ಕ ಹಾಕುತ್ತಿದ್ದಾನೆಂದು ನಾನು ತಿಳಿದೆ.

ಒಂದು ಭಾನುವಾರ ಮಂಚ ತುಂಡು ತುಂಡಾಗಿ ಬಂತು. ಸುತ್ತಿಗೆಯ ನಡುವೆ ಬೇಡವೆಂದು ಅಫ್ರೀನಳನ್ನು ಹಿಂದಿನ ಓಣಿಯ ಗೆಳತಿ ಲಕ್ಷ್ಮಿಯ ಮನೆಗೆ ಕಳಿಸಿದ್ದೆವು. ಅವಳು ಹೋಗುವಾಗ, "ಸಂಜಿಕ ಲಕ್ಷ್ಮೀನ ಕರಕೊಂಡ ಬರ್ತೀನಿ. ಅಷ್ಟರಾಗ ನನ್ನ ಖೋಲಿ ತಯಾರ ಇರಬೇಕು ನೋಡ್ರಿ," ಎಂದು ತಾಕೀತು ಮಾಡಿದ್ದಳು. ಕಾಳಪ್ಪಣ್ಣ ಕೋಣೆಯ ಒಳಗೇ ಕುಳಿತು ತುಂಡುಗಳನ್ನೆಲ್ಲ ಜೋಡಿಸಿದ. ಒಳ್ಳೆಯ ಸಾಗವಾನಿ, ನುಣುಪಾದ ಕೆಲಸ. ತಲೆಯ ಕಡೆಗೆ ಮಂಚಕ್ಕಿಂತ ಅಗಲವಾದ ಎತ್ತರದ ಗೂಡು. ಇಬ್ಬರೂ ಸೇರಿ ಅದನ್ನು ಕಿಟಕಿಯ ಕೆಳಗೆ ತಿರುಗಿಸಿದೆವು. ಅದು ಅರ್ಧ ತಿರುಗಿ ಎರಡು ಗೋಡೆಗಳ ನಡುವೆ ನಿಂತುಬಿಟ್ಟಿತು. ತಳ್ಳಿದರೆ ಸುಣ್ಣ ಉದುರಿತೇ ಹೊರತು ಮಂಚ ಕೂರಲಿಲ್ಲ.

"ಕಾಳಪ್ಪಣ್ಣ, ಅಳತಿ ಕೊಟ್ಟಿದ್ನೆಲ್ರೀ?"

"ಕೊಟ್ಟಿದ್ರಿ ಸರ. ಆ ಅಳತಿಗೆ ಆಯ ಛಲೋ ಬರ್ಲಿಲ್ಲ. ಅದಕ್ಕ ಮೂರು ಬೆರಳು ಹೆಚ್ಚ ಮಾಡೀನಿ. ಸಣ್ಣ ಹುಡಿಗಿ ಮಲಗೂ ಮಂಚ, ಕೆಟ್ಟ ಆಯಕ್ಕ ಮಾಡಿ ಕೊಟ್ರ ನನಗ ನಿದ್ದಿ ಹತ್ತತೈತೇನ್ರಿ?"

ಆಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಉದ್ದ ಅಗಲ ಗುಣಿಸಿ, ಬಂದದ್ದನ್ನು ಭಾಗಿಸಿ, ಉಳಿಯುವ ಶೇಷದ ಮೇಲೆ ಒಳ್ಳೆಯದು ಕೆಟ್ಟದ್ದು ಹೇಳುವ ಲೆಕ್ಕ ಅದು. ಮನೆಗೆ, ಹೊಸ್ತಿಲಿಗೆ ನೋಡುವವರು ಬಹಳ ಜನ. ಕಾಳಪ್ಪಣ್ಣ ಮಂಚಕ್ಕೂ ನೋಡುತ್ತಾನೆ, ಚಪಾತಿ ಮಣೆಗೂ ನೋಡುತ್ತಾನೆ. ಭಾಗಾಕಾರದ ಶೇಷಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಾಲೆಯಲ್ಲಿ ನಾವು ಅದನ್ನು ಬರೆದು, ಕೆಳಗೆ ಗೆರೆ ಎಳೆದು ಮರೆತುಬಿಡುತ್ತೇವೆ.

ಸರಿ, ಪೂರ್ವ ಪಶ್ಚಿಮವಾಗಿ ಹಾಕಿದೆವು. ಗೂಡು ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ. ಸುಸೂತ್ರವಾಗಿ ಕುಳಿತಿತು. ಪೂರ್ವಕ್ಕೆ ತಲೆಯಿಟ್ಟರೆ ವಿದ್ಯೆ ಹತ್ತುತ್ತದೆ ಎಂದು ಕಾಳಪ್ಪಣ್ಣ ಖುಷಿಪಟ್ಟ. ಆಗ ತಸ್ಬಿಯ ಜಪಮಣಿ ಎಣಿಸುತ್ತ ನಮ್ಮ ಅಮ್ಮಾ ಬಂದು ಬಾಗಿಲಲ್ಲಿ ನಿಂತರು.

"ಪಶ್ಚಿಮಕ್ಕ ಕಾಲು ಮಾಡಿ ನನ್ನ ಮೊಮ್ಮಗಳು ಮಲಗೂದಿಲ್ಲ. ಆ ಕಡೆ ಕಾಬಾ ಐತಿ," ಎಂದರು.

ಇಲ್ಲಿ ಕಾಳಪ್ಪಣ್ಣ ನನ್ನ ಪರವಾಗಿ ಒಂದು ಮಾತು ಆಡುತ್ತಾನೆಂದು ನಾನು ಆಸೆಯಿಂದ ನೋಡಿದೆ. ಅವನು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, "ಅಮ್ಮಾರು ಹೇಳೂದು ಖರೇನ ಐತಲ್ರಿ ಸರ. ದೇವರ ಕಡೆ ಯಾರರ ಕಾಲು ಚಾಚತಾರೇನ್ರಿ?" ಎಂದ.

"ಹಂಗಾರ ಮೂರು ಬೆರಳು ಕೊಯ್ದು ಬಿಡ್ರಿ. ಮೊದಲಿನಂಗ ಕಿಟಕಿ ಕೆಳಗ ಹಾಕೂಣು."

ಅವನು ಬಾಯಿ ತೆರೆಯುವ ಮೊದಲೇ ಅಮ್ಮಾ ಹೇಳಿದರು: "ಆಯ ಕೆಡಸಬ್ಯಾಡೋ. ಪಾಪ, ಕಾಳಪ್ಪ ಎಲ್ಲಾ ನೋಡಿ ಮಾಡ್ಯಾನ."

ಇಬ್ಬರ ಶಾಸ್ತ್ರಗಳೂ ಒಂದನ್ನೊಂದು ಹಳಿದಿದ್ದರೆ ನಡುವೆ ನನಗೊಂದು ದಾರಿ ಸಿಗುತ್ತಿತ್ತು. ಒಬ್ಬರ ಶಾಸ್ತ್ರವನ್ನು ಇನ್ನೊಬ್ಬರು ಇಷ್ಟು ಮನಸಾರೆ ಒಪ್ಪಿಕೊಂಡರೆ ಮಂಚ ಹೋಗುವುದಾದರೂ ಎಲ್ಲಿಗೆ? ಗೂಡು ಇರುವ ಕಡೆ ಕಾಲು ಹಾಕಿ ಮಲಗಲಿ ಎಂದಳು ನಸೀಮಾ. ಪುಸ್ತಕಕ್ಕೆ ಕಾಲೇ ಎಂದು ಅಮ್ಮಾ ಮತ್ತು ಕಾಳಪ್ಪಣ್ಣ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಕನ್ನಡ ಮಾಸ್ತರನಾಗಿ ನಾನೂ ಮುಚ್ಚಿಕೊಳ್ಳಬೇಕಾಯಿತು. ಇಡೀ ಮಂಚವನ್ನೇ ತಿರುಗಿಸಿ ಗೂಡನ್ನು ಪಶ್ಚಿಮಕ್ಕೆ ತಂದೆವು. ದಿಕ್ಕು ಎಲ್ಲರಿಗೂ ಸರಿಹೋಯಿತು, ಆದರೆ ಗೂಡು ಬಾಗಿಲಿಗೆ ಅಡ್ಡ ಬಂತು. ಬಾಗಿಲು ಬೆಕ್ಕು ನುಸುಳುವಷ್ಟೇ ತೆರೆಯುತ್ತಿತ್ತು. ಆ ಹೊತ್ತಿಗೆ ನಾನು ಒಳಗಿದ್ದೆ, ಚಹಾದ ಕಪ್ಪು ಹೊರಗಿತ್ತು. ನಸೀಮಾ ಸಂದಿಯಿಂದ ಬಸಿಯಲ್ಲಿ ಚಹಾ ಕೊಟ್ಟಳು. ಮಂಚ ಸರಿಸುವವರೆಗೂ ನಾನು ಅಲ್ಲೇ ಕುಳಿತು ಕುಡಿದೆ.

ಆ ಬಸಿಯ ಚಹಾದಲ್ಲಿಯೇ ನನಗೆ ಬುದ್ಧಿ ಓಡಿದ್ದು. ಅಡ್ಡಿಯಾಗಿರುವುದು ಮಂಚವಲ್ಲ, ಬಾಗಿಲು. ಬಾಗಿಲನ್ನೇ ತೆಗೆದರೆ?

ಎಲ್ಲರೂ ತಲೆದೂಗಿದರು. ಕಾಳಪ್ಪಣ್ಣ ಬಿಜಾಗ್ರಿಗಳ ತಿರುಪು ಬಿಚ್ಚಿ ಬಾಗಿಲನ್ನು ಹೆಗಲ ಮೇಲೆ ಹೊತ್ತು ಹಿತ್ತಲಲ್ಲಿ ಒರಗಿಸಿ ಬಂದ. ನಸೀಮಾ ಹೂವಿನ ಪರದೆ ಕಟ್ಟಿದಳು. ಗೂಡಿನಲ್ಲಿ ಪುಸ್ತಕ, ಮಂಚದ ಮೇಲೆ ಹೊಸ ಚಾದರ, ಪಕ್ಕದಲ್ಲಿ ಮೇಜು. ಎಲ್ಲ ಹಿಡಿಸಿತ್ತು. ಆಯ ಉಳಿದಿತ್ತು, ಕಾಬಾಕ್ಕೆ ಅಪಚಾರವಿಲ್ಲ, ತಿಜೋರಿ ಕದಲಿಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಜನರನ್ನು ಒಟ್ಟಿಗೆ ಒಪ್ಪಿಸಿದ್ದು ಅದೇ ಮೊದಲು. ನಾನು ಪರದೆಯನ್ನು ಸುಮ್ಮಸುಮ್ಮನೆ ಎರಡು ಸಲ ಸರಿಸಿ ನೋಡಿದೆ.

ಸಂಜೆ ಅಫ್ರೀನ್ ಲಕ್ಷ್ಮಿಯ ಕೈಹಿಡಿದು ಬಂದಳು. ಮಂಚವನ್ನು ನೋಡಲಿಲ್ಲ, ಚಾದರವನ್ನು ನೋಡಲಿಲ್ಲ. ಪರದೆಯನ್ನು ಮುಟ್ಟಿ, ಚೌಕಟ್ಟಿನ ಈ ಬದಿ ಆ ಬದಿ ನೋಡಿದಳು.

"ಬಾಗಲಾ ಎಲ್ಲಿ?"

"ಹಿತ್ತಲದಾಗ ಐತಿ. ಮಂಚಕ್ಕ ಅಡ್ಡ ಬರ್ತಿತ್ತವಾ," ಎಂದೆ ಹೆಮ್ಮೆಯಿಂದ.

ಅವಳು ಪರದೆಯನ್ನು ಕೈಬಿಟ್ಟಳು. ಲಕ್ಷ್ಮಿಯ ಮುಂದೆ ಅಳಬಾರದೆಂದು ತಡೆದುಕೊಂಡಳು, ಆಗಲಿಲ್ಲ.

"ನನಗ ಮಂಚ ಬ್ಯಾಡಾಗಿತ್ತು ಅಬ್ಬಾ. ಬಾಗಲಾ ಬೇಕಾಗಿತ್ತು. ನಮ್ಮನ್ಯಾಗ ನಾ ಎಲ್ಲಿ ಕುಂತ್ರೂ ಎಲ್ಲಾರೂ ಬರ್ತೀರಿ. ನಾ ಚಿತ್ರ ಬರಿಯೂಮುಂದ ಬರ್ತೀರಿ, ಗೊಂಬಿಗೆ ಸಾಲಿ ಕಲಸೂಮುಂದ ಬರ್ತೀರಿ. ಬಾಗಲಾ ಇದ್ರ ಬಡದು ಬರ್ತಿದ್ರಿ. ಲಕ್ಷ್ಮೀಗೂ ಹಂಗ ಹೇಳೀನಿ."

ಲಕ್ಷ್ಮಿ ಹೌದೆಂದು ತಲೆಯಾಡಿಸಿದಳು. ನಾವು ನಾಲ್ವರು ದೊಡ್ಡವರು ಪರಸ್ಪರ ಮುಖ ನೋಡಿಕೊಂಡೆವು. ದಿಕ್ಕು ಕೇಳಿದ್ದೆವು, ಆಯ ಕೇಳಿದ್ದೆವು, ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ಸಣ್ಣ ಜೀವಕ್ಕೆ ನಮ್ಮಿಂದ ಮರೆಯಾಗಿ ಕೂರುವ ಆಸೆ ಯಾವಾಗ ಹುಟ್ಟಿತು, ಅದು ಹುಟ್ಟುವಾಗ ನಾನು ಎಲ್ಲಿದ್ದೆ?

ಮೊದಲು ಎದ್ದವರು ಅಮ್ಮಾ. "ಕಾಳಪ್ಪ, ಮಂಚ ಬಿಚ್ಚು. ಬಾಗಲಾ ಹಚ್ಚು," ಎಂದರು. ಕಾಳಪ್ಪಣ್ಣ ತಿರುಪಿನ ಡಬ್ಬಿ ತೆಗೆದ. ಮಂಚ ಪಡಸಾಲೆಗೆ ಬಂತು, ಅದರ ಮೇಲೆ ಅಕ್ಕಿ ಚೀಲಗಳು ಏರಿದವು. ಅಕ್ಕಿಗೆ ತಲೆಯೂ ಇಲ್ಲ, ಕಾಲೂ ಇಲ್ಲ, ಯಾವ ದಿಕ್ಕಿಗಾದರೂ ಮಲಗಬಹುದು. ಒಳ್ಳೆಯ ಆಯದ ಮಂಚ, ಇನ್ನು ಮನೆಯಲ್ಲಿ ಅಕ್ಕಿ ತೀರುವುದಿಲ್ಲ ಎಂದು ಕಾಳಪ್ಪಣ್ಣ ಸಮಾಧಾನ ಹೇಳಿ ಹೋದ. ಕೋಣೆಯಲ್ಲಿ ಕಿಟಕಿಯ ಕೆಳಗೆ, ದಕ್ಷಿಣಕ್ಕೆ ತಲೆ ಬರುವಂತೆ, ಒಂದು ಹತ್ತಿಯ ಗಾದಿ ಹಾಸಿದೆವು. ಗಾದಿಯ ಗುಣ ದೊಡ್ಡದು, ಉದ್ದ ಹೆಚ್ಚಾದರೆ ತಾನೇ ಮಡಚಿಕೊಳ್ಳುತ್ತದೆ. ಅಫ್ರೀನ್ ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ಆಮೇಲೆ ಲಕ್ಷ್ಮಿಯನ್ನು ಒಳಗೆ ಕರೆದುಕೊಂಡು ಗಟ್ಟಿಯಾಗಿ ಹಾಕಿಕೊಂಡಳು.

ನಾನು ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಪೇಪರು ಓದಿದೆ. ಒಳಗಿನಿಂದ ನಗುವ ಸದ್ದು ಬರುತ್ತಿತ್ತು. ಓದಿದ್ದನ್ನೇ ಮತ್ತೆ ಓದಿದೆ. ಲಕ್ಷ್ಮಿ ತನ್ನ ಮನೆಗೆ ಹೋದಳು, ಬಾಗಿಲು ಪುನಃ ಮುಚ್ಚಿತು. ತಡೆಯಲಾರದೆ ಎದ್ದು ಹೋಗಿ ಮೆಲ್ಲಗೆ ಬಡಿದೆ.

"ಯಾರ್ರೀ ಅದು?"

"ನಾನವಾ, ಅಬ್ಬಾ."

"ಏನು ಕೆಲಸ ಇತ್ರೀ?"

ನಿಜ ಹೇಳಬೇಕೆಂದರೆ ಯಾವ ಕೆಲಸವೂ ಇರಲಿಲ್ಲ. "ಸುಮ್ಮನ ಬಂದಿದ್ದೆ," ಎಂದೆ.

"ಹಂಗಾರ ಆಮ್ಯಾಲ ಬರ್ರಿ."

ನಾನು ಅಡುಗೆಮನೆಗೆ ಹೋಗಿ, ಅಫ್ರೀನಳ ಕೋಣೆಯಲ್ಲಿ ನನ್ನಿಂದ ಆಗಬೇಕಾದ ಕೆಲಸ ಏನಾದರೂ ಇದೆಯೇ ಎಂದು ನಸೀಮಾಳನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು, ನಗಲಿಲ್ಲ. ಒಗೆದು ಮಡಚಿಟ್ಟಿದ್ದ ಶಾಲೆಯ ಯೂನಿಫಾರ್ಮನ್ನು ತಂದು ಕೈಗಿಟ್ಟಳು. ಅದನ್ನು ಎದೆಗೆ ಒತ್ತಿಕೊಂಡು ಹೋಗಿ, ನನ್ನ ಅಂಗಿಯ ಗುಂಡಿ ಸರಿ ಮಾಡಿಕೊಂಡು, ಮಗಳ ಬಾಗಿಲನ್ನು ಮತ್ತೊಮ್ಮೆ ಬಡಿದೆ.