ಹಬ್ಬಕ್ಕೆ ರೂಮು ಖಾಲಿಯಿಲ್ಲ

ಗೌರಿ ಹಬ್ಬಕ್ಕೆ ಮುಂಚೆ ನಮ್ಮಣ್ಣ ನನ್ನ ಗಂಡನ ಮನೆಗೆ, ಹೊಳಲಿಗೆ, ತಾನೇ ಬಂದು ಕರೆಯದ ವರ್ಷವಿಲ್ಲ. ಈ ಸಲವೂ ಬೈಕಿನಲ್ಲಿ ಬಂದು, ಹೂವು ಹಣ್ಣು ಕೈಗಿಟ್ಟು, "ಊರ್ಗೆ ಬಾರವ್ವ, ನಾಕು ದಿನ ಇದ್ಬುಟ್ಟು ಓಗೀವಂತೆ" ಎಂದ. ತವರೆಂದರೆ ನನಗೆ ಈಗಲೂ ಜೀವ. ಅಂದೇ ಬ್ಯಾಗು ತುಂಬಿಟ್ಟೆ.

ನಿಡಘಟ್ಟದಲ್ಲಿ ಬಸ್ಸಿಳಿದು ಒಳಕ್ಕೆ ಹೋದರೆ ನಮ್ಮೂರು. ಮುತ್ತಜ್ಜ ಕಟ್ಟಿಸಿದ ತೊಟ್ಟಿ ಮನೆ ನಮ್ಮದು. ಹೋದ ಯುಗಾದಿಯಿಂದ ಅಣ್ಣ ಅದನ್ನು ಹೋಂಸ್ಟೇ ಮಾಡಿದ್ದಾನೆ. ಬೆಂಗಳೂರಿನವರು ಬಂದು ತಂಗುತ್ತಾರೆ, ಬೆಳಿಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಹೋಗುತ್ತಾರೆ. ಸೋರುತ್ತಿದ್ದ ಹೆಂಚು ರಿಪೇರಿಯಾಯಿತಲ್ಲ, ಕೆಡವುವುದಕ್ಕಿಂತ ವಾಸಿ ಎಂದು ನಾನೂ ಖುಷಿಪಟ್ಟಿದ್ದೆ.

ಹಬ್ಬದ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಮನೆ ತುಂಬ ಜನ. ನಾನು ಯಾವಾಗಲೂ ಮಲಗುತ್ತಿದ್ದ ಮೂಲೆ ಕೋಣೆಯ ಮಂಚದ ಮೇಲೆ ಯಾರದೋ ಒದ್ದೆ ಟವೆಲ್ಲು. ಕಣಜದ ಕೋಣೆಯಲ್ಲೊಂದು ಸಂಸಾರ, ಕೊಟ್ಟಿಗೆಯಲ್ಲಿ ಇನ್ನೊಂದು. ಕೊಟ್ಟಿಗೆಗೆ ಎಸಿ ಬೇರೆ! ನಮ್ಮ ಎಮ್ಮೆಗಳಿಗೆ ಒಂದು ಫ್ಯಾನೂ ಇರಲಿಲ್ಲ.

ಅಡುಗೆಮನೆಯಲ್ಲಿ ಅತ್ತಿಗೆ ನನ್ನ ಬ್ಯಾಗು ನೋಡಿ ಗಾಬರಿಯಾದಳು. "ನಿಮ್ಮಣ್ಣ ಏಳ್ನಿಲ್ವಾ? ರೂಮೆಲ್ಲ ಮುಂದಾಗೇ ಬುಕ್ಕಾಗವೆ ಕಣವ್ವ."

ಅಣ್ಣ ಹಣೆ ಚಚ್ಚಿಕೊಂಡ. "ಅಬ್ಬ ಬಂತು ಅಂದ್ರೆ ತಂಗೀನ ಕರೀಬೇಕು ಅನ್ನೋದೊಂದೇ ನಂಗೆ. ರೂಮಿನ ಗ್ಯಾನ್ವೇ ಬರ್ಲಿಲ್ಲ" ಎಂದ. ಅವನೂ ಹೆಂಡತಿ ಮಕ್ಕಳೂ ಪಾತ್ರೆ ಕೋಣೆಯಲ್ಲಿ ಒತ್ತಿಕೊಂಡು ಮಲಗುತ್ತಿದ್ದರು. ಬೈಯೋಣವೆಂದರೆ ಆ ಮುಖ ನೋಡಿ ಮನಸ್ಸು ಬರಲಿಲ್ಲ.

ಬ್ಯಾಗು ಎಲ್ಲಿಡಲಿ? ಪಡಸಾಲೆಯಲ್ಲಿ ಕೂತೆ, ಕಂಬದ ಫೋಟೋ ತೆಗೆಯಬೇಕು ಸ್ವಲ್ಪ ಸರೀರಿ ಎಂದರು. ಹಿತ್ತಲಿಗೆ ಹೋದೆ, ಅಲ್ಲಿ ಯಾರದೋ ಮಕ್ಕಳು ನೀರಾಟದಲ್ಲಿದ್ದರು. ರೊಟ್ಟಿ ತಟ್ಟಲು ಕೈಹಾಕಿದರೆ ಅಡುಗೆಯವಳು "ನೀವು ಬುಡಿ, ಅವ್ರಿಗೆ ಒಂದೇ ಅಳತೇಲಿ ಬೇಕು" ಎಂದಳು. ಕೂರುವುದು, ಏಳುವುದು, ಇದೇ ಆಯಿತು. ಕೊನೆಗೆ ಜಗಲಿಗೆ ಬಂದರೆ ಒಬ್ಬ ಹುಡುಗಿ ನಗುತ್ತ ಜಾಗ ಬಿಟ್ಟಳು.

"ಕೂತ್ಕೊಳ್ಳಿ ಆಂಟಿ. ನೀವು ಯಾವ ರೂಮು?"

"ಉಟ್ಟಿದ್ದೇ ಇಲ್ಲಿ ಕಣಮ್ಮ!" ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ಅವಳಿಗೆ ಅದು ಭಾರಿ ಖುಷಿಯಾಗಿ ನನ್ನ ಜೊತೆ ಒಂದು ಸೆಲ್ಫಿ ತೆಗೆದುಕೊಂಡಳು.

ಮಧ್ಯಾಹ್ನ ಅತ್ತಿಗೆ ಮೊರದ ಬಾಗಿನ ಕೊಟ್ಟು, ಮಡಿಲಿಗೆ ಅಕ್ಕಿ ಕಾಯಿ ಹಾಕಿದಳು. ಪಕ್ಕದ ಚಿಕ್ಕಪ್ಪನ ಮನೆಯಲ್ಲಿ ಮಲಗು ಎಂದು ಅಣ್ಣ ಹೇಳಿದ. "ತವರಿಗೆ ಬಂದು ಪಕ್ಕದ ಮನೇಲಿ ಮಲಗ್ಲಾ? ಸುಮ್ಕಿರು" ಎಂದು ಹೊರಟುಬಿಟ್ಟೆ.

ಅಣ್ಣ ಬೈಕಿನಲ್ಲಿ ನಿಡಘಟ್ಟದವರೆಗೆ ಬಿಡಲು ಬಂದ. ಬಸ್ಸು ಬಂದಾಗ ನನ್ನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಬೇಜಾರು ಮಾಡ್ಕಬ್ಯಾಡ ಕಣವ್ವ. ಮುಂದ್ಲ ಸತಿ ಬರೋಕ್ ಮುಂಚೆ ಒಂದು ಫೋನ್ ಆಕು. ನಿಂಗೂ ಒಂದು ರೂಮು ಇಟ್ಟಿರ್ತೀನಿ."

ಚಿಕ್ಕಂದಿನಿಂದ ಅವನ ಒಂದು ಮಾತಿಗೆ ನಾಲ್ಕು ಮಾತು ಆಡಿದವಳು ನಾನು.

"ಆಯ್ತು ಕಣಣ್ಣ, ಆಕ್ತೀನಿ" ಎಂದೆ.